ಚನಬಸಪ್ಪನ ಸೀಟು

ಗಂಡ ಸತ್ತಿದ್ದು ಕಮಲಮ್ಮನಿಗೆ. ಜನ ಸಮಾಧಾನ ಹೇಳಲು ಬರುತ್ತಿದ್ದದ್ದು ಮಾತ್ರ ಮುನಿಯಕ್ಕನ ಗಂಡನಿಗೆ.

ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಚಿಕ್ಕಬಾಣಾವರದ ಸ್ಟೇಷನ್ ರಸ್ತೆಯಲ್ಲಿ ಅವರದು ತಾತನ ಕಾಲದ ಜಾಗ. ಮುಂದೆ ತಾವು, ಹಿಂದೆ ನಾಲ್ಕು ಬಾಡಿಗೆ ಮನೆ. ಬಂದವರಿಗೆಲ್ಲ ಕಾಫಿ ಮಾಡುವವಳು ಮುನಿಯಕ್ಕ. ಅವರು ಲೋಟ ಹಿಡಿದು, ಜಗಲಿಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತ ನರಸಪ್ಪನ ಹೆಗಲು ತಟ್ಟಿ, "ಏನ್ ಮಾಡಕ್ಕಾಯ್ತದೆ ನರಸಪ್ಪ, ಜೋಡೆತ್ತಂಗಿದ್ರಿ" ಎನ್ನುವರು. ಜೋಡೆತ್ತಂತೆ! ಹಾಗಾದರೆ ಮೂವತ್ತೆಂಟು ವರ್ಷ ಇವನ ಜೊತೆ ಸಂಸಾರ ಎಳೆದ ತಾನು ಯಾವ ಎತ್ತು ಎಂದುಕೊಂಡು ಮುನಿಯಕ್ಕ ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಸತ್ತವನು ಚನಬಸಪ್ಪ, ಬ್ಯಾಡಗಿ ಕಡೆಯವನು. ಅವನೂ ನರಸಪ್ಪನೂ ಪೀಣ್ಯದ ಒಂದೇ ಕಾರ್ಖಾನೆಗೆ ಒಂದೇ ದಿನ ಲೇತ್ ಮೆಷೀನಿನ ಕೆಲಸಕ್ಕೆ ಸೇರಿದವರು. ಅವನು ಇದೇ ರಸ್ತೆಯ ಕೊನೆಯಲ್ಲಿ ಮನೆ ಮಾಡಿದ. ಬೆಳಗ್ಗೆ ಆರು ಹೊಡೆಯುವುದೇ ತಡ, ಗೇಟಿನಲ್ಲಿ ಅವನ ಸೈಕಲ್ಲಿನ ಗಂಟೆ, ಟ್ರಿಣ್ ಟ್ರಿಣ್. ನರಸಪ್ಪ ಬಾಯಲ್ಲಿದ್ದ ತುತ್ತನ್ನು ಅರ್ಧ ಅಗಿದು ಓಡುವನು. ಬಸ್ಸು ಬಂತು, ಮೆಟ್ರೋ ಬಂತು, ಮಗ ಸ್ಕೂಟರು ತಂದು ನಿಲ್ಲಿಸಿದ. ಇವರಿಬ್ಬರ ಸೈಕಲ್ಲು ನಿಲ್ಲಲಿಲ್ಲ. ರಿಟೈರಾದ ಮೇಲೂ ನಿಲ್ಲಲಿಲ್ಲ. ದಿನಾ ಪೀಣ್ಯಕ್ಕೆ ಹೋಗಿ, ಕಾರ್ಖಾನೆಯ ಎದುರಿನ ಅಂಗಡಿಯಲ್ಲಿ ಅರ್ಧರ್ಧ ಟೀ ಕುಡಿದು, ಬಾಗಿಲು ಹಾಕಿದ ಕಾರ್ಖಾನೆಯನ್ನು ನೋಡಿಕೊಂಡು ಬರುವುದು. ಮೂರು ತಿಂಗಳ ಹಿಂದೆ ಒಂದು ಸೋಮವಾರ ಗೇಟಿನಲ್ಲಿ ಗಂಟೆ ಕೇಳಿಸಲಿಲ್ಲ. ಚನಬಸಪ್ಪ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಕಮಲಮ್ಮ ಎದೆ ಒಡೆಯುವ ಹಾಗೆ ಅತ್ತಳು, ಮಾಡಬೇಕಾದ ಕಾರ್ಯವನ್ನೆಲ್ಲ ಮಾಡಿದಳು, ಮಗಳ ಜೊತೆ ದಾವಣಗೆರೆಗೆ ಹೊರಟಳು. ಹೊರಡುವ ದಿನ ಗಂಡನ ಸೈಕಲ್ಲನ್ನು ತಳ್ಳಿಕೊಂಡು ಬಂದು ಜಗಲಿಗೆ ಹತ್ತಿಸಿದಳು.

"ಅಣ್ಣಾರ, ಇದನ್ನ ನೀವ ಇಟ್ಕೋರಿ. ಗುಜರಿಗೆ ಹಾಕಾಕ ಮನಸ ಬರವಲ್ದು."

ಅವಳು ದುಃಖವನ್ನು ಇಲ್ಲಿ ಇಳಿಸಿ ಹೋದಳು ಎಂದೇ ಮುನಿಯಕ್ಕನಿಗೆ ಅನ್ನಿಸಿತು. ಅವತ್ತಿನಿಂದ ನರಸಪ್ಪನ ಬಾಯಿ ಕಟ್ಟಿತು. ತನ್ನ ಸೈಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ, ಅದು ಹಿತ್ತಲಿನಲ್ಲಿ ಧೂಳು ಹಿಡಿಯಿತು. ಬೆಳಗ್ಗೆ ಎದ್ದು ಕೊಬ್ಬರಿ ಎಣ್ಣೆಯ ಬಟ್ಟಲು, ಹಳೇ ಬನಿಯನ್ನು ಹಿಡಿದು ಚನಬಸಪ್ಪನ ಸೈಕಲ್ಲನ್ನು ಮಗುವಿಗೆ ಎಣ್ಣೆ ಸ್ನಾನ ಮಾಡಿಸುವ ಹಾಗೆ ಒರೆಸುವುದು, ಆಮೇಲೆ ಗೋಡೆ ನೋಡುತ್ತ ಕೂರುವುದು. ಅವನ ಬಾಯಿಂದ ಬಂದ ಅಪ್ಪಣೆ ಒಂದೇ.

"ಸೀಟ್ ಮುಟ್ಬ್ಯಾಡ. ಅದು ಅವ್ನ್ ಎತ್ತರ."

ಎರಡೂ ಸೈಕಲ್ಲು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು. ಒಂದೇ ಕಪ್ಪು ಬಣ್ಣ, ಒಂದೇ ಕ್ಯಾರಿಯರು. ಚನಬಸಪ್ಪ ಆರಡಿ ಆಳು, ಅವನ ಸೀಟು ನಾಲ್ಕು ಬೆರಳು ಮೇಲೆ. ವ್ಯತ್ಯಾಸ ಅಷ್ಟೇ.

ಮುನಿಯಕ್ಕ ಗಂಡನನ್ನು ನೋಡಿಕೊಂಡ ಹಾಗೆ ಇನ್ನೊಬ್ಬರು ನೋಡಿಕೊಳ್ಳುತ್ತಿರಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಎದುರಿಗೆ ಕೂತು ನುಂಗಿಸಿದಳು. ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿಟ್ಟಳು, ಬೆನ್ನು ಉಜ್ಜಿದಳು, ಮಗ ಫೋನು ಮಾಡಿದರೆ "ಆರಾಮಾಗವ್ರೆ, ಈಗ ತಾನೇ ನಕ್ರು" ಎಂದು ಸುಳ್ಳು ಹೇಳಿದಳು. ಮಾಡಿದ್ದನ್ನೆಲ್ಲ ಮನಸಾರೆ ಮಾಡಿದಳು. ಹೊಟ್ಟೆಕಿಚ್ಚನ್ನೂ ಮನಸಾರೆಯೇ ಪಟ್ಟಳು.

ಹೊಟ್ಟೆಕಿಚ್ಚಿಗೆ ಕಾರಣವೇನು ಒಂದೆರಡೇ? ಆ ಬಿ.ಪಿ. ವಿಷಯವನ್ನೇ ತೆಗೆದುಕೊಳ್ಳಿ. ನರಸಪ್ಪ ಎರಡು ವರ್ಷ ಮಾತ್ರೆ ನುಂಗಿದ ಮೇಲೆ ಅವಳಿಗೆ ಗೊತ್ತಾಗಿದ್ದು, ಅದೂ ಚನಬಸಪ್ಪ ಮಾತಿನ ಮಧ್ಯೆ ಬಾಯಿ ಬಿಟ್ಟಿದ್ದರಿಂದ. ಸೊಸೆಯನ್ನು ನೋಡಲು ಹೋಗುವ ಮುಂಚೆ ಹುಡುಗಿ ಹೆಸರು ಚನಬಸಪ್ಪನಿಗೆ ಗೊತ್ತಿತ್ತು, ಇವಳಿಗೆ ಗೊತ್ತಿರಲಿಲ್ಲ. ಮುನಿಯಕ್ಕನ ತಾಯಿ ತೀರಿಕೊಂಡಾಗ ಇದೇ ನರಸಪ್ಪ ನಾಲ್ಕನೇ ದಿನಕ್ಕೆ "ಅರ್ಜೆಂಟ್ ಆರ್ಡರ್ ಐತೆ" ಎಂದು ಫಸ್ಟ್ ಶಿಫ್ಟಿಗೆ ಹೊರಟವನು. ಈಗ ನೋಡಿದರೆ ಮೂರು ತಿಂಗಳು! ನಾಳೆ ನಾನು ಸತ್ತರೆ ಇವನು ಹೀಗೆ ಕೂರುತ್ತಾನೆಯೇ? ಸೊಪ್ಪು ಬಿಡಿಸುವಾಗ, ಬಟ್ಟೆ ಹಿಂಡುವಾಗ, ಈ ಒಂದು ಪ್ರಶ್ನೆ ಅವಳ ಹಿಂದೆ ಬಿದ್ದಿತ್ತು. ಉತ್ತರ ಬೇಕಿತ್ತು, ಕೇಳಲು ಭಯ.

"ಮುಂಡೆ ಆದೋಳು ಅಲ್ಲಿ ಮೊಮ್ಮಕ್ಕಳಿಗೆ ರೊಟ್ಟಿ ತಟ್ಕೊಂಡವ್ಳೆ," ಎಂದು ಒಮ್ಮೆ ಅಂದೂಬಿಟ್ಟಳು. "ನೀನಿಲ್ಲಿ ತಾಳಿ ಕಿತ್ತೋದಂಗೆ ಕುಂತಿದ್ದೀಯ."

ನರಸಪ್ಪ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡು ಬೈದಿದ್ದರೂ ಆಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಹಾಲು ತರಲು ಹೊರಟವಳು ಹಿತ್ತಲಿನಲ್ಲಿದ್ದ ಗಂಡನ ಸೈಕಲ್ಲಿಗೆ ಚೀಲ ನೇತುಹಾಕಿ ತಳ್ಳಿಕೊಂಡು ಹೋದಳು. ಮಂಡಿ ನೋವಿಗೆ ಊರುಗೋಲಾಯಿತು, ಅಷ್ಟೇ. ಮಾರನೇ ದಿನ ರೈಲ್ವೆ ಗೋಡೆಯ ಪಕ್ಕದ ಖಾಲಿ ರಸ್ತೆಯಲ್ಲಿ ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಜಾರಿದಳು. ಹುಡುಗಿಯಾಗಿದ್ದಾಗ ತವರಿನ ಕೆರೆ ಅಂಗಳದಲ್ಲಿ ಅಣ್ಣನ ಸೈಕಲ್ಲಿನ ಬಾರಿನ ಒಳಗೆ ಕಾಲು ತೂರಿಸಿ ಒಳಪೆಡಲು ಹೊಡೆದಿದ್ದಳು. ದೊಡ್ಡವಳಾದ ದಿನ ಅವ್ವ ಇಳಿಸಿದ್ದು, ಆಮೇಲೆ ಹತ್ತಿರಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಕಾಲಿಗೆ ಅದೆಲ್ಲ ನೆನಪಿತ್ತು. ಹಿಂದಿನ ಬಾಡಿಗೆ ಮನೆಯ ಗೌರಿ, ಗಾರ್ಮೆಂಟ್ಸಿನ ಹುಡುಗಿ, ಕಾರ್ಖಾನೆ ಬಸ್ಸಿಗೆ ಕಾಯುತ್ತ ನಿಂತವಳು ನೋಡಿ ಬಾಯಿ ಬಿಟ್ಟಳು.

"ಆಂಟಿ! ಸೂಪರ್ ಆಂಟಿ! ಸೀರೆ ಚೈನಿಗ್ ಸಿಕ್ಕಾಕೊಂಡ್ರೆ ಅಂಕಲ್‌ಗೆ ಇನ್ನೊಂದ್ ಸೈಕಲ್ ಒರ್ಸೋ ಕೆಲ್ಸ ಆಯ್ತದೆ."

"ನಂದನ್ನ ಒರ್ಸ್ತಾನಾ ಅವ್ನು? ಹಿತ್ಲಿಗ್ ಎಸೀತಾನೆ. ಬಾಯ್ ಮುಚ್ಕೊಂಡ್ ಬಸ್ ಹತ್ತೇ."

ಸಂಜೆ ಗೌರಿ ತನ್ನ ಹಳೆಯ ಚೂಡಿದಾರದ ಪ್ಯಾಂಟು ತಂದುಕೊಟ್ಟಳು. ಅವತ್ತಿನಿಂದ ಬೆಳಗ್ಗೆ ಅರ್ಧ ಗಂಟೆ ಮುನಿಯಕ್ಕ ಮನೆಯಲ್ಲಿ ಇರುತ್ತಿರಲಿಲ್ಲ. ಮುಖಕ್ಕೆ ಗಾಳಿ ಬಡಿದಾಗ ಗಂಡ ಮರೆತುಹೋಗುತ್ತಿದ್ದ, ಗಂಡನ ಗೋಡೆ ಮರೆತುಹೋಗುತ್ತಿತ್ತು. ಬ್ರೇಕು, ಗುಂಡಿ, ನಾಯಿ, ಇಷ್ಟೇ ಯೋಚನೆ. ಮನೆಗೆ ಬಂದು ಮುದ್ದೆ ತಿರುವುವಾಗ ಕೈಯಲ್ಲಿ ಕಸುವಿರುತ್ತಿತ್ತು. ಆ ಅರ್ಧ ಗಂಟೆ ಇರದಿದ್ದರೆ ಉಳಿದ ಇಪ್ಪತ್ತಮೂರೂವರೆ ಗಂಟೆ ಅವಳಿಂದ ಆಗುತ್ತಿರಲಿಲ್ಲ.

ಕಾರ್ತಿಕದ ಚಳಿಗೆ ಅವಳಿಗೆ ಜ್ವರ ಬಂತು. ಎರಡು ದಿನ ಮೈ ಸುಡುತ್ತಿದ್ದರೂ ಎದ್ದು ಅಡುಗೆ ಮಾಡಿದಳು. ನರಸಪ್ಪನಿಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಅವನು ಜಗಲಿಯಿಂದ ಕೂಗಿದ.

"ಮುನೀ, ಬೇಗ್ ಬಾರೇ!"

ಇಷ್ಟು ದಿನದ ಮೇಲೆ ಹೆಸರು ಹಿಡಿದು ಕರೆದನಲ್ಲ ಎಂದು ಅವಳು ಗೋಡೆ ಹಿಡಿದುಕೊಂಡು ಬಂದಳು.

"ಪಾರಿವಾಳ ಗಲೀಜ್ ಮಾಡೈತೆ, ನೋಡಿಲ್ಲಿ. ಒಂದ್ ಹೊದಿಕೆ ತಾ. ಪಾಪ, ಮಂಜು ಬೇರೆ ಬೀಳ್ತೈತೆ."

ಹೊದಿಕೆ ಸೈಕಲ್ಲಿಗೆ! ಮುನಿಯಕ್ಕ ತಾನು ಹೊದ್ದಿದ್ದನ್ನೇ ತೆಗೆದು ಕೊಟ್ಟಳು. ಅವನು ಅದನ್ನು ಹೊದಿಸಿದ. ಬಟ್ಟೆ ಬಿಸಿಯಾಗಿದೆ ಎಂಬುದು ಕೂಡ ಅವನ ಕೈಗೆ ತಿಳಿಯಲಿಲ್ಲ.

ಜ್ವರ ಬಿಟ್ಟ ದಿನ ಮಧ್ಯಾಹ್ನ, ಅವನು ಊಟ ಮಾಡಿ ಮಲಗಿದ್ದಾಗ, ಅವಳು ಸ್ಪ್ಯಾನರ್ ತೆಗೆದುಕೊಂಡು ಜಗಲಿಗೆ ಬಂದಳು. ನಟ್ಟು ಸಡಿಲ ಮಾಡಿದಳು. ಸೀಟು ಇಳಿಯಲಿಲ್ಲ, ಕೊಳವೆಗೆ ತುಕ್ಕು ಕಚ್ಚಿತ್ತು. ಸೀಮೆಎಣ್ಣೆ ಬಿಟ್ಟಳು, ಉಪ್ಪು ಕಾಗದದಿಂದ ಉಜ್ಜಿದಳು, ಕೊಳವೆ ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿ, ಎರಡೂ ಕೈಯಿಂದ ಒತ್ತಿ ಸೀಟನ್ನು ತಳ ಮುಟ್ಟಿಸಿದಳು. ರಸ್ತೆಗಿಳಿಸಿ ಹತ್ತಿ ಕೂತಳು. ಸ್ಟೇಷನ್ನಿನವರೆಗೂ ಹೋಗಿ ಬಂದಳು. ಮೂವತ್ತು ವರ್ಷ ತನ್ನ ಗಂಡನನ್ನು ಬೆಳಬೆಳಗ್ಗೆ ಕರೆದುಕೊಂಡು ಹೋದವನ ಮೇಲೆ ಕೂತ ಹಾಗಿತ್ತು. ಸೀಟನ್ನು ಹಾಗೇ ತಗ್ಗಿನಲ್ಲಿ ಬಿಟ್ಟು, ಹೊದಿಕೆ ಮುಚ್ಚಿ, ಒಳಗೆ ಹೋಗಿ ಅಕ್ಕಿ ಆರಿಸಿದಳು. ಅವನು ನೋಡಲಿ ಎಂದೇ ಬಿಟ್ಟದ್ದು.

ಮಾರನೇ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದಳು. ನರಸಪ್ಪ ಎಣ್ಣೆ ಬಟ್ಟಲು ಹಿಡಿದು ಬಂದ. ಅವನಿಗೆ ನೋಡಿ ಒರೆಸುವ ಅಗತ್ಯವೇ ಇರಲಿಲ್ಲ, ಕೈಗೆ ಎಲ್ಲ ಗೊತ್ತಿತ್ತು. ಹೊದಿಕೆ ಎಳೆದ, ಹ್ಯಾಂಡಲ್ ಒರೆಸಿದ, ಕೈ ಸೀಟಿಗೆ ಹೋಯಿತು. ಅಲ್ಲಿ ಗಾಳಿ. ಕೈ ಅಲ್ಲೇ, ಗಾಳಿಯಲ್ಲೇ, ಯಾರದೋ ಬೆನ್ನ ಮೇಲೆ ಇಟ್ಟ ಹಾಗೆ ನಿಂತುಬಿಟ್ಟಿತು. ಬಟ್ಟಲು ಜಾರಿ ಎಣ್ಣೆ ಜಗಲಿಯುದ್ದಕ್ಕೂ ಹರಿಯಿತು.

"ಯಾರೇ ಇದು?"

"ನಾನೇ."

"ಯಾಕೆ?"

"ಕೂರಕ್ಕೆ."

ನರಸಪ್ಪ ಓಡಿಹೋಗಿ ಸ್ಪ್ಯಾನರ್ ತಂದ. ಸೀಟನ್ನು ಮೇಲೆಳೆದು ಕೊಳವೆಗೆ ಕಣ್ಣು ಹತ್ತಿರ ತಂದ.

"ತುಕ್ಕಿನ್ ಗೆರೆ ಇತ್ತಲ್ಲ? ಎಲ್ಲೇ ಅದು?"

"ಇಳೀತಿರ್ಲಿಲ್ಲ. ಉಜ್ಜಿದೆ."

ಅವನು ಸೀಟನ್ನು ಒಂದಿಷ್ಟು ಏರಿಸಿದ, ದೂರ ನಿಂತು ನೋಡಿದ, ಇಳಿಸಿದ, ಮತ್ತೆ ಏರಿಸಿದ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹೇಳುತ್ತಿದ್ದವನು, ಇದನ್ನು ಅಳೆದಿಡಬೇಕು ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ನಾಲ್ಕನೇ ಸಲಕ್ಕೆ ಸ್ಪ್ಯಾನರ್ ಬಿಟ್ಟು ಎಣ್ಣೆಯಲ್ಲೇ ಕೂತ.

"ಅವ್ನ್ ಅಳ್ತೆನೇ ಕಳ್ದಾಕ್ಬಿಟ್ಟಲ್ಲೇ," ಎಂದು ಹೋ ಎಂದು ಅತ್ತ. ಮೂರು ತಿಂಗಳಲ್ಲಿ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಮುನಿಯಕ್ಕನಿಗೆ ಆ ಅಳತೆ ಗೊತ್ತಿತ್ತು. ಹೇಗೆಂದರೆ, ಚನಬಸಪ್ಪ ದಿನಾ ಬಂದು ಸೈಕಲ್ಲನ್ನು ಒರಗಿಸುತ್ತಿದ್ದದ್ದು ಅವಳ ಕಾಂಪೌಂಡ್ ಗೋಡೆಗೆ, ಹೊರಗಡೆಯಿಂದ. ಸೀಟಿನ ಅಂಚು ತಾಗಿ ತಾಗಿ ಅಲ್ಲೊಂದು ಕಪ್ಪು ಗೀರು ಬಿದ್ದಿತ್ತು. ವರ್ಷವರ್ಷ ಯುಗಾದಿಗೆ ಅವಳು ಸುಣ್ಣ ಬಳಿಯುವಳು, ತಿಂಗಳೊಳಗೆ ಅದೇ ಜಾಗದಲ್ಲಿ ಅದೇ ಗೀರು. ಶಪಿಸಿಕೊಂಡು ಉಜ್ಜಿದ್ದಕ್ಕೆ ಲೆಕ್ಕವಿಲ್ಲ. ಗಂಡನ ಕಣ್ಣಿಗೆ ಅದು ಒಂದು ದಿನವೂ ಬಿದ್ದಿರಲಿಲ್ಲ. ಗೋಡೆಯ ಗೀರು ಕಾಣುವುದು ಉಜ್ಜುವವರಿಗೆ ಮಾತ್ರ.

ಹೇಳಿದರೆ ಚನಬಸಪ್ಪ ಮತ್ತೆ ಹತ್ತಿ ತನ್ನ ಎತ್ತರದಲ್ಲಿ ಕೂರುತ್ತಾನೆ. ಹೇಳದಿದ್ದರೆ ಇವತ್ತಿಗೆ ಮುಗಿಯಿತು.

"ನಂಗ್ ಗೊತ್ತು ಎಷ್ಟೆತ್ತರ ಅಂತ," ಎಂದಳು.

ಅವನು ತಲೆಯೆತ್ತಿದ. "ಯೇಳೇ."

"ಮೊದ್ಲು ನೀನ್ ಯೇಳು. ನಾನ್ ಸತ್ರೆ ಇಂಗ್ ಅಳ್ತೀಯಾ?"

"ಬೆಳ್ ಬೆಳಗ್ಗೆ ಎಂಥ ಮಾತೇ..."

"ಅವ್ವ ಓದಾಗ ನಾಕನೇ ದಿನ ಶಿಫ್ಟಿಗ್ ಓದೋನು ನೀನು. ನಾನ್ ಓದ್ರೆ ಎಷ್ಟನೇ ದಿನ ಓಯ್ತೀಯ? ಅದನ್ನ್ ಯೇಳು."

ನರಸಪ್ಪ ಬನಿಯನ್ನಿನಿಂದಲೇ ಮೂಗು ಒರೆಸಿದ, ಕೆನ್ನೆಗೆಲ್ಲ ಎಣ್ಣೆಯಾಯಿತು.

"ಗೊತ್ತಿಲ್ಲ ಕಣೇ. ಇವ್ನು ಓದ, ನೀನ್ ಮುದ್ದೆ ಮುರ್ದಿಟ್ಟೆ, ನಾನ್ ಕುಂತ್ಕೊಂಡೆ. ನೀನ್ ಓದ್ರೆ ಯಾರಿಡ್ತಾರೆ? ಅಳ್ತಾ ಕುಂತ್ಕೊಳಕ್ಕೂ ಮನೇಲೊಬ್ರು ಇರ್ಬೇಕಲ್ಲ."

"ನಾನ್ ಇದ್ನಲ್ಲ ಮನೇಲಿ! ನನ್ ಮುಂದೆ ಎಲ್ ಅತ್ತೆ? ಗೋಡೆ ಮುಂದೆ ಅತ್ತೆ. ಅವ್ನ್ ಕತೆಯೆಲ್ಲ ಗೋಡೆಗ್ ಯೇಳ್ದೆ."

"ನಿಂಗೆ ಅವ್ನ್ ಕಂಡ್ರೆ ಆಯ್ತಿರ್ಲಿಲ್ಲ."

"ಆಯ್ತಿರ್ಲಿಲ್ಲ. ಈಗ್ಲೂ ಆಗಲ್ಲ. ಆದ್ರೂ ನಂಗ್ ಯೇಳು."

 ಅವನು ಅವಳ ಮುಖವನ್ನು ನೋಡಿದ. "ಯಾಕೆ, ಇಳ್ದೋಗಿದ್ದೀಯ?" ಎಂದ.

"ಜ್ವರ ಬಂದಿತ್ತು. ಐದ್ ದಿನ ಆಯ್ತು. ಎದ್ದೇಳು, ಎಣ್ಣೇಲಿ ಕುಂತಿದ್ದೀಯ."

ಸೈಕಲ್ಲನ್ನು ತಾನೇ ಗೇಟಿನಾಚೆ ತಳ್ಳಿ ಗೋಡೆಗೆ ಒರಗಿಸಿದಳು. ಗೀರಿನ ಮೇಲೆ ಬೆರಳಿಟ್ಟು ತೋರಿಸಿದಳು. ನರಸಪ್ಪ ಸೀಟನ್ನು ಅದರ ನೇರಕ್ಕೆ ತಂದು ನಟ್ಟು ಬಿಗಿದ. ದೂರ ಸರಿದು ನೋಡುವ ಅಗತ್ಯವೂ ಬೀಳಲಿಲ್ಲ, ಅವನ ಕೈಗೆ ಸರಿಯಾಯಿತು. ಗೌರಿಯ ಬಸ್ಸು ಹೋಯಿತು.

ಆಮೇಲೆ ಮುನಿಯಕ್ಕ ಹಿತ್ತಲಿಗೆ ಹೋಗಿ ಇನ್ನೊಂದು ಸೈಕಲ್ಲನ್ನು ತಂದು ಅವನ ಮುಂದೆ ನಿಲ್ಲಿಸಿದಳು.

"ನಂದು," ಎಂದಳು.

"ಇದು ನಂದಲ್ವೇನೇ?"

"ಎರಡ್ ತಿಂಗ್ಳಿಂದ ನಂದು. ನೀನ್ ಗೋಡೆ ನೋಡ್ತಿದ್ದೆ. ಸೀಟ್ ಸರಿ ಮಾಡ್ಕೊಡು."

ಅವನು ಅವಳು ತೊಟ್ಟಿದ್ದ ಗೌರಿಯ ಪ್ಯಾಂಟು ನೋಡಿದ, ಸೈಕಲ್ಲು ನೋಡಿದ. ಸ್ಪ್ಯಾನರ್ ಎತ್ತಿಕೊಂಡ. "ಈ ಕಡೆ ಬಾ. ಸೀಟು ಕಂಕುಳಿಗ್ ಇಟ್ಕೋ. ಕೈ ಚಾಚು, ಬೆರಳ್ ತುದಿ ಪೆಡಲ್ ತಿರ್ಗೋ ನಡು ಗುಂಡಿಗ್ ಮುಟ್ಬೇಕು. ಅಷ್ಟೇ ಅಳ್ತೆ." ಅವಳು ಬಗ್ಗಿದಳು, ಕೈ ಚಾಚಿದಳು. ಅವನು ಸೀಟನ್ನು ಒಂದು ಬೆರಳು ಇಳಿಸಿದ, ಸಾಲದೆ ಇನ್ನೊಂದು ಬೆರಳು ಇಳಿಸಿದ.

"ಇಷ್ಟ್ ಗಿಡ್ಡನೇನೇ ನಿನ್ ಕೈ? ನಂಗ್ ಗೊತ್ತೇ ಇರ್ಲಿಲ್ಲ."

ಅವಳು ಬಗ್ಗಿದ ಹಾಗೇ ಕೇಳಿದಳು. "ಅವ್ನ್ ಕೈ ಎಲ್ಲಿಗ್ ಬರ್ತಿತ್ತು?"

ನರಸಪ್ಪನ ಎಡಗೈ ತಾನಾಗಿಯೇ ಆ ಗುಂಡಿಯ ಕೆಳಗೆ, ಸರಿಯಾಗಿ ಒಂದು ಜಾಗಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂತು.

"ಯಾರಿಗ್ ಗೊತ್ತು," ಎಂದ. "ನಾನ್ ನೋಡಿಲ್ಲ."

ಸುಳ್ಳುಗಾರ, ಎಂದುಕೊಂಡಳು ಮುನಿಯಕ್ಕ, ಮತ್ತೆ ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ನಿಂತಳು.