ಹದಿನೇಳಲ್ಲ, ಇಪ್ಪತ್ತಮೂರು

ಒಗೆಯುವ ಮುನ್ನ ಜೇಬು ನೋಡುವುದು ಅವಳ ರೂಢಿ. ಅಂತ್ಯಕ್ರಿಯೆಯ ಮರುದಿನ ಮಧ್ಯಾಹ್ನ, ಆಸ್ಪತ್ರೆಯವರು ಚೀಲಕ್ಕೆ ಹಾಕಿಕೊಟ್ಟ ಗಂಡನ ಅಂಗಿಯ ಜೇಬಿಗೂ ಕೈ ತಾನಾಗಿ ಹೋಯಿತು. ಗೇಣುದ್ದದ ಕಬ್ಬಿಣದ ಬೀಗದ ಕೈ ಸಿಕ್ಕಿತು. ಅದಕ್ಕೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ 17 ಎಂದು ಕೊರೆದಿತ್ತು.

ಬೀದಿಯ ಕೊನೆಯ ಹಳೆಯ ಅಚ್ಚುಕೂಟದ ಕೀಲಿ. ಅಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಲೇ ಮುದುಕನಾದ ಅಜ್ಜನಿಂದ ಗಂಡ ಎರವಲು ತಂದಿದ್ದ. ಅವನು ನಕ್ಷೆಗಾರ. ಬಡಾವಣೆಯ ಜನ ಯೋಜನಾ ಕಚೇರಿಗೆ ಕೊಡಲೆಂದು, ಉಳಿಯಬೇಕಾದ ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿದ್ದರು. ಪಟ್ಟಿಗೆ ಸೇರಿದ್ದನ್ನು ಅನುಮತಿಯಿಲ್ಲದೆ ಕೆಡವುವಂತಿಲ್ಲ. ಅವರಿಗಾಗಿ ಅಚ್ಚುಕೂಟವನ್ನು ಅಳೆಯಲು ಹೋದವನು ಮರದ ಮೆಟ್ಟಿಲು ಮುರಿದು ಬಿದ್ದಿದ್ದ.

ಮೇಜಿನ ಮೇಲೆ ಅವನು ಬರೆದ ಪಟ್ಟಿಯ ಪ್ರತಿಯಿತ್ತು. 'ಅಚ್ಚುಕೂಟ, ನಂ. 17.' ಅವಳು ಕಿಟಕಿಯಾಚೆ ನೋಡಿದಳು. ಎದುರಿನ ಗ್ಯಾರೇಜಿನ ಶಟರ್ ಮೇಲೆ ಮೊಳದುದ್ದ ಅಕ್ಷರದಲ್ಲಿ 17. ಬೀದಿಯ ನಂಬರುಗಳು ಯಾವಾಗಲೋ ಬದಲಾಗಿದ್ದವು, ಬಿಲ್ಲೆ ಬದಲಾಗಿರಲಿಲ್ಲ. ಅವನು ಬರೆದದ್ದು ಬಿಲ್ಲೆಯ ನಂಬರು. ಊರೆಲ್ಲ ಅಳೆದವನಿಗೆ ಎದುರಿನ ಶಟರ್ ಕಂಡಿರಲಿಲ್ಲ. ಅವನ ಪಟ್ಟಿ ಕಾಪಾಡುತ್ತಿದ್ದದ್ದು ಸ್ಕೂಟರ್ ರಿಪೇರಿಯ ತಗಡಿನ ಶೆಡ್ಡನ್ನು.

ಯೋಜನಾ ಕಚೇರಿಗೆ ಫೋನ್ ಮಾಡಿದಳು.

"ತಿದ್ದೋಕೆ ಇವತ್ತು ಐದು ಗಂಟೆ ತನಕ ಟೈಮಿದೆ ಮೇಡಂ," ಎಂದ ಗುಮಾಸ್ತ. "ನಾಳೆ ದೇವರೇ ಬಂದ್ರೂ ಆಗಲ್ಲ. ಹೊಸ ನಂಬರಿನ ಫೋಟೊ ತನ್ನಿ. ಬಾಗಿಲಲ್ಲಿ ಇಲ್ದಿದ್ರೆ ಮೀಟರ್ ಪೆಟ್ಟಿಗೆ ಮೇಲೆ ಇರುತ್ತೆ."

ಮೀಟರ್ ಎಲ್ಲಿದೆಯೆಂದು ಗಂಡನ ನಕ್ಷೆಯಲ್ಲೇ ಇತ್ತು. ಮೆಟ್ಟಿಲ ಕೆಳಗೆ.

"ಎಲ್ಲಿಗೆ?" ಎಂದರು ಅತ್ತೆ.

"ಅಚ್ಚುಕೂಟಕ್ಕೆ."

"ನನ್ನ ಮಗನ್ನ ನುಂಗಿದ್ದು ಸಾಲದಾ ಅದಕ್ಕೆ? ಬೀಳೋದಾದ್ರೆ ಬೀಳ್ಲಿ ಬಿಡೇ!"

ಅವಳು ಚಪ್ಪಲಿ ಮೆಟ್ಟಿದಳು.

ಅಚ್ಚುಕೂಟದ ಬಾಗಿಲ ಚೌಕಟ್ಟಿನಲ್ಲಿ ಎರಡು ಕಬ್ಬಿಣದ ಮೊಳೆ ಮಾತ್ರ ಇದ್ದವು. ನಂಬರಿನ ಫಲಕವನ್ನು ಯಾರೋ ಕಿತ್ತಿದ್ದರು. ಕೀಲಿ ತಿರುಗಿತು. ಒಳಗೆ ಶಾಯಿಯ ವಾಸನೆ, ಸಾಲುಸಾಲು ಅಚ್ಚುಮೊಳೆಗಳ ಗೂಡುಗಳು. ಆಚೆಗೆ ಮೆಟ್ಟಿಲು. ಐದನೆಯದು ಇರಲಿಲ್ಲ. ಕೆಳಗಿನ ನೆಲವನ್ನು ಯಾರೋ ತೊಳೆದಿದ್ದರು, ಅಲ್ಲಿ ಮಾತ್ರ ಧೂಳಿಲ್ಲ. ಆ ಜಾಗವನ್ನು ತುಳಿಯದೆ ಮೀಟರ್ ತಲುಪುವಂತಿರಲಿಲ್ಲ. ಅವಳು ತುಳಿದಳು.

ಪೆಟ್ಟಿಗೆಯ ಧೂಳು ಒರೆಸಿದಾಗ 23 ಮೂಡಿತು. ಫೋನ್ ಎತ್ತುವಷ್ಟರಲ್ಲಿ ತಲೆಯ ಮೇಲೆ ಹಲಗೆ ಕಿರುಗುಟ್ಟಿತು.

ಯಾರೋ ನಡೆಯುತ್ತಿದ್ದರು.

ಮೊದಲ ಫೋಟೊ ಅಲುಗಿತು. ಎರಡನೆಯದೂ ಅಲುಗಿತು. ಉಸಿರು ಬಿಗಿಹಿಡಿದು ಮೂರನೆಯದನ್ನು ತೆಗೆದಳು.

"ಯಾರದು?" ಹಿತ್ತಲ ಏಣಿಯಿಂದ ಒಬ್ಬ ಇಳಿದು ಬಂದು ಬಾಗಿಲಿಗೆ ಅಡ್ಡ ನಿಂತ. ಕೈಯಲ್ಲಿ ಹಾರೆ. "ಇಲ್ಲೇನಮ್ಮ ಕೆಲಸ? ಪಟ್ಟಿಲಿ ಇಲ್ಲ ಈ ಕಟ್ಟಡ. ನಾಳೆ ಕೆಡವ್ತೀವಿ."

ಕೆಡವುವವರಿಗೆ ಗೊತ್ತಿತ್ತು. ತಪ್ಪು ಗೊತ್ತಿದ್ದೇ ಐದು ಗಂಟೆ ಹೊಡೆಯಲಿ ಎಂದು ಸುಮ್ಮನಿದ್ದರು. ಅವನ ಕಣ್ಣು ಅವಳ ಫೋನಿನ ಮೇಲಿತ್ತು.

"ನನ್ನ ಗಂಡ ಬಿದ್ದ ಜಾಗ ನೋಡೋಕೆ ಬಂದೆ," ಎಂದಳು.

ಅವನು ಆ ತೊಳೆದ ನೆಲವನ್ನು ನೋಡಿದ. ಹಾರೆ ಇಳಿಸಿ ಪಕ್ಕಕ್ಕೆ ಸರಿದ.

ಬೀದಿ ದಾಟುವವರೆಗೂ ಅವಳು ಹಿಂದೆ ತಿರುಗಲಿಲ್ಲ. ಹೆಜ್ಜೆಸಪ್ಪಳ ಹಿಂದೆಯೇ ಬರುತ್ತಿದೆ ಎನಿಸುತ್ತಿತ್ತು. ಅದು ತನ್ನದೇ ಚಪ್ಪಲಿಯ ಸದ್ದು.

ಕಚೇರಿಯಲ್ಲಿ ನಾಲ್ಕೂ ಮುಕ್ಕಾಲು. ಗುಮಾಸ್ತ ಫೋಟೊ ಹಿಗ್ಗಿಸಿ ನೋಡಿದ, ಮತ್ತೆ ನೋಡಿದ. ಆಮೇಲೆ 17ನ್ನು ಹೊಡೆದುಹಾಕಿ 23 ಎಂದು ಬರೆದು ಮೊಹರು ಒತ್ತಿದ.

"ಯಾವಾಗಲೂ ನಿಮ್ಮ ಯಜಮಾನ್ರೇ ಬರ್ತಿದ್ರಲ್ಲ, ಇವತ್ತು ಬರ್ಲಿಲ್ವಾ?"

"ಇಲ್ಲ," ಎಂದಳು.

ಅಜ್ಜ ತನ್ನ ಮನೆ ಬಾಗಿಲಲ್ಲೇ ಕೂತಿದ್ದ. ಮೊಹರಿನ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದ.

"ಉಳೀತೇನಮ್ಮ?"

"ಕೇಳದೆ ಕೆಡವೋ ಹಾಗಿಲ್ಲ, ಅಷ್ಟೇ. ಕೆಡವೋರು ಇನ್ನೂ ಅಲ್ಲೇ ಇದಾರೆ ಅಜ್ಜ."

"ಬಿಲ್ಲೆ ಬದಲಾಯಿಸ್ಬೇಕಿತ್ತು ನಾನು," ಎಂದ ಅಜ್ಜ. "ಸೋಮಾರಿ ಮುದುಕ."

ಅವಳು ಕೀಲಿ ಚಾಚಿದಳು.

"ನಿನ್ನ ಹತ್ರಾನೇ ಇರ್ಲಿ ಮಗಳೇ."

"ಬೇಡ ಅಜ್ಜ. ಸಂಜೆಗೆ ವಾಪಸ್ ಕೊಡ್ತೀನಿ ಅಂದಿದ್ರಂತಲ್ಲ ನಮ್ಮನೆಯವ್ರು," ಎಂದಳು. "ತಡ ಆಯ್ತು."

ಕೀಲಿ ಹಿಡಿದ ಅವಳ ಬೆರಳು ಬಿಚ್ಚಲು ಸ್ವಲ್ಪ ಹೊತ್ತು ಬೇಕಾಯಿತು.