ನೀಲಿ ಕ್ಯಾನಿನ ಚೀಟಿ

ಲಾಂಡ್ರಿ ನಡೆಸುವವಳನ್ನು ಅವಳ ನಾದಿನಿ ಕೂಗುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಬಟ್ಟೆಯ ಕಲೆ ತೆಗೆಯುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಸಂಜೆ ತರಗತಿಯ ರಸಾಯನಶಾಸ್ತ್ರದ ಮುಂದೆ ಮಾತ್ರ ಆ ಕೈ ಓಡುತ್ತಿರಲಿಲ್ಲ. ಕಿರುಪರೀಕ್ಷೆಯಲ್ಲಿ ಆಗಲೇ ಎರಡು ಸಲ ಮುಗ್ಗರಿಸಿದ್ದಳು.

"ಶನಿವಾರವೂ ತಪ್ಪಿದ್ರೆ ಹೆಸರು ಹೊಡೆದುಹಾಕ್ತೀನಿ ಅಮ್ಮ. ನಿಮ್ಮ ಜಾಗಕ್ಕೆ ಕಾಯೋರಿದ್ದಾರೆ" ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಅವಳಿಗಿದ್ದದ್ದು ಒಂದೇ ಸಂಶಯ. ಸಮೀಕರಣದಲ್ಲಿ ಹೈಡ್ರೋಜನ್ ಎರಡು, ಆಕ್ಸಿಜನ್ ಎರಡು ಸೇರಿ ನೀರಾಗಬೇಕು. ನೀರಿನಲ್ಲಿ ಆಕ್ಸಿಜನ್ ಒಂದೇ ಇದೆ. ಅದರ ಕಾಲಬುಡದಲ್ಲಿ ಸಣ್ಣದೊಂದು ಎರಡು ಬರೆದರೆ ಆಚೆಗೂ ಈಚೆಗೂ ಸರಿಹೋಯಿತಲ್ಲ? ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಮೇಷ್ಟ್ರು ಕೆಂಪು ಗೀಟು ಎಳೆದದ್ದೇಕೆ? ಎಲ್ಲರೆದುರು ಕೇಳಲು ನಾಚಿಕೆ. ಫೋನ್ ಹಿಡಿದಳು.

ಮೊದಲು ಸಿಕ್ಕಿದ್ದು ಪಂಡಿತರ ಜಾಲತಾಣ. ಪ್ರಶ್ನೆ ಕೇಳುವ ಮುನ್ನ ಓದಬೇಕಾದ ನಿಯಮಗಳು ನಲವತ್ತೊಂದು. ಎಲ್ಲವನ್ನೂ ಓದಿದವರಲ್ಲಿ ಬಹುಶಃ ಅತ್ತಿಗೆಯೇ ಮೊದಲಿಗಳು. 'ಈವರೆಗಿನ ಪ್ರಯತ್ನ ತಿಳಿಸಿ' ಎಂದಿತ್ತು. ಎರಡು ಸಲ ತಪ್ಪಿದ್ದು, ಕನ್ನಡಕದ ನಂಬರು ಬದಲಾದದ್ದು, ಎಲ್ಲವನ್ನೂ ತಿಳಿಸಿದಳು.

ನಾದಿನಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಇಣುಕಿದಳು. "ಅತ್ತಿಗೆ, ನೀವು ಪ್ರಶ್ನೆ ಕೇಳ್ತಿದ್ದೀರೋ, ಕ್ಷಮೆ ಕೇಳ್ತಿದ್ದೀರೋ?"

"ಅವರಿಗೆ ತೊಂದರೆ ಆಗಬಾರದಲ್ಲೇ."

ನಾಲ್ಕೇ ನಿಮಿಷಕ್ಕೆ ಪ್ರಶ್ನೆಗೆ ಬೀಗ ಬಿತ್ತು. ಕಾರಣ: ತೀರಾ ಸುಲಭ.

ಎರಡನೆಯದು ಹೊಸಬರಿಗೆಂದೇ ತೆರೆದ ತಾಣ. ಅಲ್ಲಿ ಒಬ್ಬರು ಎಲೆಕ್ಟ್ರಾನಿನಿಂದ ಆರಂಭಿಸಿದರು. ಇನ್ನೊಬ್ಬರು ಅದು ತಪ್ಪೆಂದರು. ಮೂರನೆಯವರು ಇಬ್ಬರ ಪದವಿಯನ್ನೂ ವಿಚಾರಿಸಿಕೊಂಡರು. ಅರವತ್ತಮೂರು ಉತ್ತರಗಳಾದರೂ ಸಣ್ಣ ಎರಡರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಜಗಳ ತನ್ನಿಂದಲೇ ಎಂದು ಅತ್ತಿಗೆ ಮೂವರ ಕ್ಷಮೆಯನ್ನೂ ಕೇಳಿ ಹೊರಬಂದಳು.

ಶುಕ್ರವಾರ ಬಂದೇಬಿಟ್ಟಿತು.

"ಫೋನಲ್ಲಿರೋ ನಿಮ್ಮ ಕಲೆ ತೆಗೆಯೋರ ಗುಂಪಲ್ಲೇ ಕೇಳಿ" ಎಂದಳು ನಾದಿನಿ. "ನಾಲ್ಕು ವರ್ಷದಿಂದ ಊರವರ ಕಾಲರಿಗೆಲ್ಲ ಬುದ್ಧಿ ಹೇಳಿದ್ದೀರಿ. ಒಂದು ಋಣ ತೀರಿಸಲಿ."

ಬಟ್ಟೆ ಒಗೆಯುವವರ ಆ ಗುಂಪಿನಲ್ಲಿ ಕಾಲರ್ ತಾತ ಎಂಬ ಹಳೆಯ ಲಾಂಡ್ರಿಯವನಿದ್ದ. ಬೈಯದೆ ಯಾರಿಗೂ ಉತ್ತರ ಕೊಟ್ಟವನಲ್ಲ. ಅತ್ತಿಗೆ ಕೆಂಪು ಗೀಟಿನ ಸಮೇತ ತನ್ನ ಸಂಶಯವನ್ನು ಅಲ್ಲಿ ಹಾಕಿದಳು.

"ಬಿಳಿ ಬಟ್ಟೆ ಮೇಲೆ ರಕ್ತ ಬಿದ್ರೆ ಏನು ಹಾಕ್ತೀಯಮ್ಮ?" ಎಂದು ಬರೆದ.

"ನೀಲಿ ಕ್ಯಾನಿನದು, ತಾತ."

"ಅದರ ಚೀಟಿ ಓದು. ಕಣ್ಣು ಬಿಟ್ಟು ಓದು."

ಕಪಾಟಿನ ಬಳಿ ಹೋಗಿ ಕ್ಯಾನನ್ನು ತಿರುಗಿಸಿದಳು. ಹೈಡ್ರೋಜನ್ ಪೆರಾಕ್ಸೈಡ್, ಎಚ್ ಟು ಓ ಟು. ಸಣ್ಣ ಎರಡು ಹಾಕಿ ಅವಳು ತಿದ್ದಿದ್ದ ನೀರು, ಅಕ್ಷರಕ್ಷರ ಅದೇ!

"ಅದರಲ್ಲಿ ಒಂದು ಲೋಟ ಕುಡೀತೀಯಾ?"

"ಅಯ್ಯಯ್ಯೋ!"

"ಅದಕ್ಕೇ ಕೆಂಪು ಗೀಟು. ಕಾಲಬುಡದ ಅಂಕಿ ಮುಟ್ಟಿದ್ರೆ ಸಾಮಾನೇ ಬೇರೆ ಆಗತ್ತೆ. ಅಂಕಿ ಹಾಕೋದಾದ್ರೆ ಇಡೀ ಸೂತ್ರದ ಮುಂಚೆ ಹಾಕು. ಎರಡು ನೀರು, ಎರಡು ಹೈಡ್ರೋಜನ್. ದಡ್ಡಿ!"

ಯಾರೂ ಅವಳನ್ನು ಇಷ್ಟು ಉಪಯೋಗವಾಗುವಂತೆ ಬೈದಿರಲಿಲ್ಲ.

ಶನಿವಾರ ಮೇಷ್ಟ್ರು ಅದೇ ಸಮೀಕರಣ ಕೊಟ್ಟು, ಕಾರಣ ಬರೆಯಿರಿ ಎಂದರು. ಅತ್ತಿಗೆ ಅರ್ಧ ಪುಟ ನೀಲಿ ಕ್ಯಾನಿನ ಬಗ್ಗೆ ಬರೆದಳು. ಮೇಷ್ಟ್ರು ಎರಡು ಸಲ ಓದಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿದರು.

"ಇದನ್ನ ಎಲ್ಲಿ ಕಲಿತ್ರಿ ಅಮ್ಮ?"

"ತಪ್ಪಿದ್ರೆ ಕ್ಷಮಿಸಿ ಸಾರ್. ಲಾಂಡ್ರಿಯಲ್ಲಿ."

ಪಂಡಿತರ ತಾಣದ ನಲವತ್ತೊಂದನೆಯ ನಿಯಮ ಅವಳಿಗೆ ನೆನಪಿತ್ತು: ಉತ್ತರ ಸಿಕ್ಕರೆ ಇತರರಿಗೂ ತಿಳಿಸಿ. ಸೋಮವಾರ ಅಂಗಡಿಯ ಬಾಗಿಲು ತೆರೆದವಳೇ ಕ್ಯಾನಿನ ಕತೆಯನ್ನು ಅಲ್ಲಿ ಹಾಕಿದಳು. ನಾಲ್ಕೇ ನಿಮಿಷಕ್ಕೆ ಅಳಿಸಿದರು. ಕಾರಣ: ಆಧಾರ ಕೊಟ್ಟಿಲ್ಲ.

ಅತ್ತಿಗೆ ಕ್ಯಾನನ್ನು ಕಿಟಕಿಯ ಬೆಳಕಿಗೆ ತಂದು, ಒದ್ದೆ ಬಟ್ಟೆಯಿಂದ ಚೀಟಿಯನ್ನು ಚೆನ್ನಾಗಿ ಒರೆಸಿ, ಫೋಟೋ ತೆಗೆಯತೊಡಗಿದಳು.