ದೊಡ್ಡಮ್ಮನ ಬಾಯಿ, ಚಿಕ್ಕಮ್ಮನ ಕುರ್ಚಿ

೧
ಈ ಕಥೆಯನ್ನು ಎಡದಿಂದ ಶುರು ಮಾಡಲೋ, ಬಲದಿಂದಲೋ? ತಮಾಷೆಯಲ್ಲ, ತಾಪತ್ರಯವೆಲ್ಲ ಇರುವುದೇ ಅಲ್ಲಿ. 9 > 8 ಎಂಬುದನ್ನು ಎಡದಿಂದ ಓದಿದರೆ ಹೆಚ್ಚು, ಬಲದಿಂದ ಓದಿದರೆ ಕಡಿಮೆ. ನಮ್ಮ ಬಾಯಿಗೋ ‘ಎಂಟಕ್ಕಿಂತ ಒಂಬತ್ತು ಹೆಚ್ಚು’ ಎಂದು ಹಿಂದುಮುಂದಾಗಿ ಹೇಳಿಯೇ ಅಭ್ಯಾಸ.

“ಅದೆಲ್ಲ ಬಿಡು, ಮೊದ್ಲು ನನ್ನ ಮಂಡಿ ವಿಷ್ಯ ಬರಿ,” ಅಂದರು ಚಿಕ್ಕಮ್ಮ.

(ಪಾತ್ರಗಳು ಹೀಗೆ ಮಧ್ಯೆ ಬಾಯಿ ಹಾಕಬಾರದು. ಆದರೆ ಈಕೆ ನನ್ನ ಅಮ್ಮನ ತಂಗಿ. ಹೇಳುವವರು ಯಾರು?)

೨
ಸರಿ, ಮಂಡಿ. ಚಿಕ್ಕಮ್ಮ ಔಷಧಿ ಗೋದಾಮಿನಲ್ಲಿ ನೆಲ ಒರೆಸುತ್ತಾರೆ. ಮಂಡಿ ಎರಡೂ ಮುಷ್ಕರ ಹೂಡಿವೆ. ಅಲ್ಲೇ ಕೋಲ್ಡ್ ರೂಮಿನ ಬಾಗಿಲು ಕಾಯುವ ಕೆಲಸ ಖಾಲಿಯಿದೆ. ಆ ಕೆಲಸಕ್ಕೊಂದು ಕುರ್ಚಿಯಿದೆ. ಕೈಯಿರುವ, ಬೆನ್ನಿಗೆ ಆಸರೆಯಿರುವ ಕುರ್ಚಿ. ಬಾಗಿಲ ಮೇಲೆ ಒಳಗಿನ ಉಷ್ಣಾಂಶದ ಚೀಟಿ, ಡಿಗ್ರಿ ಲೆಕ್ಕದಲ್ಲಿ: ‘> 8 ಆದರೆ ಗಂಟೆ ಒತ್ತಿ. < 2 ಆದರೂ ಒತ್ತಿ.’ ನಾಳೆ ಸೂಪರ್‌ವೈಸರ್ ಮೇಡಂ ಈ ಗುರುತುಗಳ ಬಗ್ಗೆಯೇ ಪರೀಕ್ಷೆ ಮಾಡುತ್ತಾರೆ. ತಪ್ಪಿದರೆ ಮತ್ತೆ ನೆಲ.

“ಹೆಚ್ಚುಕಮ್ಮಿ ಆದ್ರೆ ಗಂಟೆ ಒತ್ತಿ ಅಂತ ಬರ್ದಿದ್ರೆ ಸಾಕಿತ್ತಲ್ಲ! ಈ ಕೊಕ್ಕೆಗಳು ಯಾಕೆ?”

(ಮಾತು ನಿಜ. ಆದರೆ ಒಪ್ಪಿಕೊಂಡರೆ ಕಥೆ ಇಲ್ಲೇ ಮುಗಿಯುತ್ತದೆ.)

೩ (ಹರಿದು ಹಾಕಿದ ಕರಡು)
ಆ ಕೊಕ್ಕೆ ಮೊಸಳೆಯ ಬಾಯಿ, ಹಸಿದ ಮೊಸಳೆ ಯಾವಾಗಲೂ ದೊಡ್ಡದರ ಕಡೆಗೇ ಬಾಯಿ ತೆರೆಯುತ್ತದೆ ಎಂದು ಹೇಳಿಕೊಟ್ಟೆ.

“ಸುಳ್ಳು! ದೊಡ್ಡದನ್ನ ನುಂಗೋಕೆ ಹೋಗಿ ಗಂಟ್ಲಲ್ಲಿ ಸಿಕ್ಕಾಕೊಂಡ್ರೆ? ಬುದ್ಧಿ ಇರೋ ಮೊಸಳೆ ಚಿಕ್ಕದನ್ನೇ ಹಿಡಿಯುತ್ತೆ.”

ಅವರು ಹಾಕಿದ ಗುರುತೆಲ್ಲ ಉಲ್ಟಾ ಬಂತು. ಮೊಸಳೆಯನ್ನು ಕೆಲಸದಿಂದ ತೆಗೆದುಹಾಕಿದೆ.

೫
(ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ನಾನು ತುಂಬಾ ಜಾಣೆಯಾಗಿ ಕಾಣುತ್ತಿದ್ದೆ. ಚಿಕ್ಕಮ್ಮ ತೆಗೆಸಿದರು.)

ದೊಡ್ಡಮ್ಮ ಎಂದರೆ ಅಕ್ಕತಂಗಿಯರು ಮೂವರಲ್ಲಿ ಹಿರಿಯರು. ಅವರು ಬಾಯಿ ತೆರೆದರೆ ಆಚೆ ಬೀದಿಗೂ ಕೇಳಿಸುತ್ತದೆ. ಥಟ್ಟನೆ ಹೊಳೆಯಿತು: “ಬಾಯಿ ಅಗಲ ಇರೋ ಕಡೆ ದೊಡ್ಡಮ್ಮ, ಮೊನೆ ಇರೋ ಕಡೆ ಚಿಕ್ಕಮ್ಮ!”

ಚಿಕ್ಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅಕ್ಕನ ಬಾಯಿ! ಇದು ಸತ್ರೂ ಮರೆಯಲ್ಲ ಕಣೇ.” ಆಮೇಲೆ ಮೊನೆಯ ಮೇಲೆ ಬೆರಳಿಟ್ಟರು. “ಆದ್ರೆ ಮೊನೆ ನಂಗೇ ಯಾಕೆ? ಹುಟ್ಟಿದಾಗಿಂದ ಅವಳ ಹಳೇ ಫ್ರಾಕು, ಅವಳ ಹಳೇ ಚಪ್ಪಲಿ. ಲೆಕ್ಕದಲ್ಲೂ ನಾನೇ ಚಿಕ್ಕೋಳಾ? ಎತ್ತರದಲ್ಲಿ ಅವಳಿಗಿಂತ ಒಂದು ಗೇಣು ಜಾಸ್ತಿನೇ ಇದ್ದೀನಿ.”

ನನಗೆ ನಿಜಕ್ಕೂ ಪಿಚ್ಚೆನಿಸಿತು. ಬೇಕಾದರೆ ಇಬ್ಬರ ನಡುವೆ = ಹಾಕಿಕೊಡುತ್ತೇನೆ ಎಂದೆ.

“ಥೂ, ಅವಳ ಸಮ ಆಗೋದು ಯಾರಿಗೆ ಬೇಕು? ನಂಗೆ ಕುರ್ಚಿ ಬೇಕು.”

೬
ಪರೀಕ್ಷೆ. ಮೇಡಂ ಬೋರ್ಡಿನ ಮೇಲೆ 9 __ 8 ಎಂದು ಬರೆದರು. “ನಡುವೆ ಗುರುತು ಹಾಕಮ್ಮಾ.”

ಅಂತ್ಯ ಒಂದು: ಸರಿಯಾಗಿ ಹಾಕುತ್ತಾರೆ. (ಶಾಲೆಯ ಗೋಡೆಗೆ ಅಂಟಿಸಲು ಚೆನ್ನಾಗಿದೆ.)

ಅಂತ್ಯ ಎರಡು: ಆ ಒಂದು ಗೇಣು ನೆನಪಾಗಿ, ಹಟಕ್ಕೆ ಬಿದ್ದು ತಿರುಗಿಸಿ ಹಾಕುತ್ತಾರೆ. ಮೂಲೆಯಲ್ಲಿ ಒರೆಸುವ ಕೋಲು ಕಾಯುತ್ತಿದೆ. (ಇದನ್ನು ಪೂರ್ತಿ ಬರೆಯಲು ನನಗೆ ಕೈ ಬರಲಿಲ್ಲ.)

ಅಂತ್ಯ ಮೂರು: ಎರಡೂ ಗುರುತು ಹಾಕಿ, “ಹೆಚ್ಚುಕಮ್ಮಿ” ಎಂದು ಓದುತ್ತಾರೆ.

ಚಿಕ್ಕಮ್ಮ ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿದರು. “ಒಂಬತ್ತು ದೊಡ್ಡಮ್ಮ ತಾನೇ?”

ಪರೀಕ್ಷೆಯಲ್ಲಿ ಹೇಳಿಕೊಡುವಂತಿಲ್ಲ. (ಓದುಗರೇ, ನೀವೂ ಬಾಯಿ ಬಿಡಬೇಡಿ.)

“ಮುಗಿಸೋಕೆ ಬರಲ್ವಾ ನಿಂಗೆ?”

“ಮುಗಿಸಲ್ಲ ಚಿಕ್ಕಮ್ಮ. ಇದು ಅಂಥಾ ಕಥೆ.”

“ಓಹೋ! ಹಾಗಾದ್ರೆ ನಾನು ಹೀಗೇ ನಿಂತಿರ್ಬೇಕಾ? ಈ ಮಂಡಿ ಇಟ್ಕೊಂಡು?”

ಹೊಸ ಸಾಲು ತೆಗೆದು ಅಲ್ಲೊಂದು ಕುರ್ಚಿ ಬರೆದೆ. ಕೈಯಿರುವ, ಬೆನ್ನಿಗೆ ಆಸರೆಯಿರುವ ಕುರ್ಚಿ. ಚಿಕ್ಕಮ್ಮ ಕೂತರು, ಕಾಲು ಚಾಚಿದರು, ಸೀಮೆಸುಣ್ಣವನ್ನು ಮಡಿಲಲ್ಲಿ ಇಟ್ಟುಕೊಂಡರು.

“ಹಾಂ,” ಅಂದರು. “ಈಗ ನಿಧಾನಕ್ಕೆ ಯೋಚನೆ ಮಾಡ್ತೀನಿ.”